ಬ್ರೇಕ್ ಹಾಕಿದರೆ ನಿಲ್ಲುವ ಗಾಲಿಕುರ್ಚಿ

ಗೊಂಬೆಗೆ ಗಾಲಿಕುರ್ಚಿ ಮಾಡುವವರು ಮೊದಲು ಅಳೆಯಬೇಕಾದದ್ದು ಗೊಂಬೆಯ ಸೊಂಟವನ್ನು. ಆಮೇಲೆ ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗಿನ ಉದ್ದ. ಮಗುವಿಗೆ ನಿಜವಾದ ಕುರ್ಚಿ ಹೊಂದಿಸುವವರೂ ಹೀಗೆಯೇ ಅಳೆಯುತ್ತಾರೆ. ಆಸನ ಸೊಂಟಕ್ಕಿಂತ ತುಸುವೇ ಅಗಲವಿರಬೇಕು. ಹೆಚ್ಚಾದರೆ ಮಗು ಒಂದು ಬದಿಗೆ ವಾಲಿಕೊಳ್ಳುತ್ತದೆ. ಆಸನದ ಮುಂದಿನ ಅಂಚು ಮಂಡಿಯ ಹಿಂಭಾಗವನ್ನು ಒತ್ತಬಾರದು, ಎರಡು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಪಾದ ಪೂರ್ತಿಯಾಗಿ ಹಲಗೆಯ ಮೇಲೆ ಊರಿರಬೇಕು.

ನಾನು ಚಿಕ್ಕಮಗಳೂರಿನಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಬಡಗಿ. ಈ ಲೆಕ್ಕಗಳೆಲ್ಲ ನನಗೆ ತಿಳಿದದ್ದು ಅಕ್ಕನ ಮಗಳಿಂದ. ಅವಳಿಗೆ ಐದು ವರ್ಷ, ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸೆರೆಬ್ರಲ್ ಪಾಲ್ಸಿ ಇದೆ. ಮನೆಯೊಳಗೆ ವಾಕರ್ ಹಿಡಿದು ನಡೆಯುತ್ತಾಳೆ, ಹೊರಗೆ ಹೋಗುವಾಗ ಗಾಲಿಕುರ್ಚಿ ಬಳಸುತ್ತಾಳೆ, ಎರಡೂ ಕಾಲಿಗೆ ಪಾದವನ್ನೂ ಹರಡನ್ನೂ ನೇರವಾಗಿ ಹಿಡಿದಿಡುವ ಪ್ಲಾಸ್ಟಿಕ್ ಆಸರೆ ಹಾಕಿಕೊಳ್ಳುತ್ತಾಳೆ. ವೈದ್ಯರು ಅದನ್ನು ಎ.ಎಫ್.ಒ. ಎನ್ನುತ್ತಾರೆ, ಮನೆಯಲ್ಲಿ ನಾವು ಸ್ಪ್ಲಿಂಟ್ ಎನ್ನುತ್ತೇವೆ. ಅವಳು ಹೋಗುವ ಅಂಗನವಾಡಿಯ ಆಟಿಕೆ ಬುಟ್ಟಿಯಲ್ಲಿ ಡಾಕ್ಟರ್ ಸೆಟ್ ಇದೆ, ಅಡುಗೆ ಸೆಟ್ ಇದೆ, ಹೊಂಬಣ್ಣದ ಕೂದಲಿನ ಗೊಂಬೆಗಳಿವೆ. ಅವಳ ಹಾಗೆ ಓಡಾಡುವ ಗೊಂಬೆ ಒಂದೂ ಇರಲಿಲ್ಲ.

ಬ್ರಿಟನ್ನಿನ ಪತ್ರಕರ್ತೆ ರೆಬೆಕ್ಕಾ ಅಟ್ಕಿನ್ಸನ್ 2015ರಲ್ಲಿ 'ಟಾಯ್ ಲೈಕ್ ಮಿ' ಎಂಬ ಆಂದೋಲನ ಆರಂಭಿಸಿದ್ದು ಇದೇ ಕೊರತೆಯನ್ನು ಕಂಡು. ಅವರಿಗೂ ಕಿವಿ ಮತ್ತು ಕಣ್ಣುಗಳಲ್ಲಿ ಭಾಗಶಃ ತೊಂದರೆಯಿದೆ. ಮರುವರ್ಷವೇ ಲೆಗೊ ಕಂಪನಿ ಗಾಲಿಕುರ್ಚಿಯಲ್ಲಿ ಕುಳಿತ ಹುಡುಗನ ಪುಟ್ಟ ಗೊಂಬೆಯನ್ನು ಹೊರತಂದಿತು. ನಮ್ಮ ದೇಶದಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ವಿಧಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಆದರೆ ಕಾನೂನಿನ ಪುಸ್ತಕದಲ್ಲಿ ಜಾಗ ಸಿಕ್ಕಿದ ಮಗುವಿಗೆ ಆಟಿಕೆ ಬುಟ್ಟಿಯಲ್ಲಿ ಜಾಗ ಸಿಕ್ಕಿಲ್ಲ. ಅಂಗಡಿಯವರನ್ನು ಕೇಳಿ ಪ್ರಯೋಜನವಿರಲಿಲ್ಲವಾದ್ದರಿಂದ ನಾನೂ ಅಕ್ಕನೂ ಸೇರಿ ಮಾಡಲು ನಿರ್ಧರಿಸಿದೆವು. ಅಕ್ಕ ಟೈಲರ್. ಬಟ್ಟೆಯ ಕೆಲಸ ಅವಳದು, ಮರದ ಕೆಲಸ ನನ್ನದು.

ಕೆಲಸ ಆರಂಭಿಸುವ ಮೊದಲೇ ಒಂದು ನಿಯಮ ಹಾಕಿಕೊಂಡೆವು. ಸಾಧನ ಯಾವುದೇ ಇರಲಿ, ಅದು ಕೆಲಸ ಮಾಡಬೇಕು. ಚಕ್ರ ಉರುಳಬೇಕು, ಬ್ರೇಕ್ ಹಿಡಿಯಬೇಕು, ಸ್ಪ್ಲಿಂಟನ್ನು ಬಿಚ್ಚಿ ಹಾಕಲು ಬರಬೇಕು. ಕುರ್ಚಿಯ ಆಕಾರವನ್ನಷ್ಟೇ ಕೆತ್ತಿ ಬಣ್ಣ ಬಳಿದರೆ ಅದು ಗೊಂಬೆಗೆ ಅಂಟಿಸಿದ ಗುರುತುಚೀಟಿಯಾಗುತ್ತದೆ. ದಿನವೂ ಇವುಗಳೊಡನೆ ಬದುಕುವ ಮಗುವಿಗೆ ಅದು ಸುಳ್ಳೆಂದು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.

ಗೊಂಬೆಯ ಎತ್ತರ 30 ಸೆಂ.ಮೀ. ಸೊಸೆಯ, ಅಂದರೆ ಅಕ್ಕನ ಮಗಳ, ಎತ್ತರಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ 3.6ರಲ್ಲಿ ಒಂದು ಪಾಲು. ಅವಳ ಕುರ್ಚಿಯ ಹಿಂದಿನ ಚಕ್ರ 20 ಇಂಚು, ಮುಂದಿನ ಪುಟ್ಟ ಚಕ್ರ 5 ಇಂಚು. ಆದ್ದರಿಂದ ಗೊಂಬೆಯ ಕುರ್ಚಿಗೆ 14 ಸೆಂ.ಮೀ. ಮತ್ತು 3.5 ಸೆಂ.ಮೀ. ಗೊಂಬೆಯ ಸೊಂಟ 8 ಸೆಂ.ಮೀ., ಆಸನ 8.7.

ಮೈಗೆ ಅಕ್ಕ ಆರಿಸಿದ್ದು ರವಿಕೆಗೆ ಬಳಸುವ ಟೂ ಬೈ ಟೂ ಹತ್ತಿಬಟ್ಟೆ. ಮ್ಯಾಚಿಂಗ್ ಸೆಂಟರಿನಲ್ಲಿ ಕಂದು ಬಣ್ಣದ ಎಷ್ಟು ಛಾಯೆಗಳು ಬೇಕೋ ಅಷ್ಟೂ ಸಿಗುತ್ತವೆ, ನಮ್ಮ ಊರಿನ ಮಕ್ಕಳ ಮೈಬಣ್ಣವೆಲ್ಲ ಆ ಕಪಾಟಿನಲ್ಲಿದೆ. ಬಟ್ಟೆ ತೆಳು, ಆದ್ದರಿಂದ ಒಳಗೆ ಕೋರಾ ಬಟ್ಟೆಯ ಅಸ್ತರಿ ಕೊಟ್ಟಳು. ತುಂಬುವುದಕ್ಕೆ ಬೂರುಗದ ಹತ್ತಿ ಹಗುರವಾಗಿ ಚೆನ್ನಾಗಿರುತ್ತದೆ, ಆದರೆ ಒಗೆದರೆ ಗಂಟುಗಟ್ಟುತ್ತದೆ. ಅಂಗನವಾಡಿಯಲ್ಲಿ ಗೊಂಬೆಯನ್ನು ಒಗೆಯಲೇಬೇಕಾಗುತ್ತದೆ, ಹಾಗಾಗಿ ಪಾಲಿಯೆಸ್ಟರ್ ನಾರನ್ನೇ ತುಂಬಿದೆವು. ತೊಡೆಯ ಬುಡದಲ್ಲೂ ಮಂಡಿಯಲ್ಲೂ ಅಡ್ಡಕ್ಕೆ ಎರಡು ಸಾಲು ಹೊಲಿಗೆ ಹಾಕಿ, ಹೊಲಿಗೆಯ ಎರಡು ಪಕ್ಕದಲ್ಲಿ ತುಂಬುವಿಕೆಯನ್ನು ಸಡಿಲ ಬಿಟ್ಟರೆ ಕಾಲು ಅಲ್ಲಿ ಮಡಿಚಿಕೊಳ್ಳುತ್ತದೆ. ಇದನ್ನು ಮಾಡದಿದ್ದರೆ ಬಟ್ಟೆಗೊಂಬೆ ಕೂರುವುದಿಲ್ಲ, ಹಲಗೆಯಂತೆ ಜಾರಿ ಮುಂದೆ ಬರುತ್ತದೆ. ಕಣ್ಣು, ಬಾಯಿಗಳನ್ನು ಕಸೂತಿಯಲ್ಲಿ ಹಾಕಿದಳು, ಗುಂಡಿ ಬಳಸಲಿಲ್ಲ.

ಮರದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಹಳೆಯ ಕಾಫಿ ಗಿಡಗಳನ್ನು ಕಿತ್ತು ಹೊಸದು ನೆಡುವಾಗ ತೋಟಗಳಲ್ಲಿ ರೊಬಸ್ಟಾ ಬೊಡ್ಡೆಗಳು ಸೌದೆಯ ಬೆಲೆಗೆ ಸಿಗುತ್ತವೆ. ಕಾಫಿ ಮರ ಗಟ್ಟಿ, ಎಳೆ ಬಹಳ ನಯ, ಲೇತಿನಲ್ಲಿ ಬೆಣ್ಣೆ ಬಣ್ಣದ ಸಿಬಿರಿಲ್ಲದ ಮೇಲ್ಮೈ ಬರುತ್ತದೆ. ಆದರೆ ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದು ಬಿಲ್ಲೆ ತೆಗೆದು ಚಕ್ರ ಮಾಡುತ್ತೇನೆಂದರೆ ಆಗದು. ಮರ ಒಣಗುವಾಗ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಆ ಎಳೆತಕ್ಕೆ ಬಿಲ್ಲೆ ತಿರುಳಿನವರೆಗೆ ಸೀಳುತ್ತದೆ. ಹಾಗಾಗಿ ಕಾಫಿ ಮರವನ್ನು ಸಣ್ಣ ಭಾಗಗಳಿಗೆ ಇಟ್ಟುಕೊಂಡೆ: ಚಕ್ರದ ನಡುವಿನ ಗುಂಭ, ಮುಂದಿನ ಪುಟ್ಟ ಚಕ್ರ, ಬ್ರೇಕಿನ ತುಂಡು. ಕಡಿದ ಬೊಡ್ಡೆಯ ಎರಡೂ ತುದಿಗಳಿಗೆ ಕೂಡಲೇ ಮೇಣ ಬಳಿದು ನೆರಳಿನಲ್ಲಿ ಇಟ್ಟರೆ ತುದಿಯಿಂದ ಬಿರುಕು ಬಿಡುವುದು ಕಡಿಮೆಯಾಗುತ್ತದೆ.

ದೊಡ್ಡ ಚಕ್ರಕ್ಕೆ ಸಿಲ್ವರ್ ಓಕ್. ಕಾಫಿಗೆ ನೆರಳು ಕೊಡುತ್ತ, ಮೈಮೇಲೆ ಮೆಣಸಿನ ಬಳ್ಳಿಯನ್ನು ಹೊತ್ತುಕೊಂಡು ನಿಲ್ಲುವ ಮರ. 6 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು, ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿ, ಆಮೇಲೆ ದುಂಡಗೆ ಕೊಯ್ದೆ. ಹೀಗೆ ಮಾಡಿದರೆ ಒಂದು ಪದರ ಉಬ್ಬಲು ಹೊರಟಾಗ ಇನ್ನೊಂದು ಹಿಡಿದುಕೊಳ್ಳುತ್ತದೆ. ಸಿಲ್ವರ್ ಓಕ್ ಹಗುರ, ಆದರೆ ಅಂಚಿನಲ್ಲಿ ಸಿಬಿರು ಏಳುತ್ತದೆ, ಅದರ ಹುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಉಜ್ಜಬೇಕು. ಚಕ್ರದ ಅಂಚಿನ ಸುತ್ತ ಕಾಲುವೆ ತೆಗೆದು, ಕಾರಿನ ಹಳೆಯ ಟ್ಯೂಬನ್ನು ಅಡ್ಡಕ್ಕೆ ಉಂಗುರವಾಗಿ ಕತ್ತರಿಸಿ ಎಳೆದು ಕೂರಿಸಿದೆ. ಅಂಚು ಮುಚ್ಚಿತು, ನೆಲಕ್ಕೆ ಹಿಡಿತ ಬಂತು, ಬ್ರೇಕಿಗೂ ಕಚ್ಚಲು ರಬ್ಬರ್ ಸಿಕ್ಕಿತು.

ಮಲೆನಾಡಿನ ಮಳೆಗಾಲವನ್ನು ಮರೆತು ಮರದಲ್ಲಿ ಅಚ್ಚಿನ ತೂತು ಕೊರೆಯುವಂತಿಲ್ಲ. ಬೇಸಿಗೆಯಲ್ಲಿ ಸರಾಗವಾಗಿ ತಿರುಗುವ ಚಕ್ರ ಜುಲೈನಲ್ಲಿ ಬಿಗಿದುಕೊಳ್ಳುತ್ತದೆ. ಮರದ ತೂತಿನೊಳಗೆ ಬುಷ್ ಎನ್ನುವ ಹಿತ್ತಾಳೆಯ ಪುಟ್ಟ ಕೊಳವೆ ಕೂರಿಸಿ, ಅದರೊಳಗೆ 6 ಮಿ.ಮೀ. ಬೋಲ್ಟ್ ಹಾಯಿಸಿ, ಹೊರಗೆ ನೈಲಾನ್ ಉಂಗುರವಿರುವ ಲಾಕ್ ನಟ್ ಹಾಕಿದೆ. ಸಾಮಾನ್ಯ ನಟ್ ಉರುಳಿ ಉರುಳಿ ಸಡಿಲವಾಗಿ ಒಂದು ದಿನ ಮಗುವಿನ ಬಾಯಿ ಸೇರುತ್ತದೆ. ನಟ್ಟಿನ ಮೇಲೆ ಕಾಫಿ ಮರದ ಮುಚ್ಚಳ ಅಂಟಿಸಿದೆ.

ಲೇತಿನಲ್ಲಿ ಕಡೆದ ಭಾಗಗಳಿಗೆ ಚನ್ನಪಟ್ಟಣದ ಕುಶಲಕರ್ಮಿಗಳ ದಾರಿಯೇ ಸರಿ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಚಪ್ಪಟೆ ಹಲಗೆಗಳಿಗೆ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಷ್ ಹಚ್ಚಿದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಇದನ್ನು ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಬಿಸಿಲು ಬಿದ್ದ ಮಧ್ಯಾಹ್ನವೇ ಬೇಕು.

ಮುಂದಿನ ಪುಟ್ಟ ಚಕ್ರಗಳ ಬಗ್ಗೆ ಸ್ವಲ್ಪ ಹೇಳಬೇಕು. ಇವು ಕುರ್ಚಿ ತಿರುಗಿದ ಕಡೆಗೆ ತಾವೇ ತಿರುಗಿಕೊಳ್ಳಬೇಕಾದರೆ, ಚಕ್ರದ ಅಚ್ಚು ಅದನ್ನು ಹಿಡಿದ ಕಂಬದ ನೇರ ಕೆಳಗೆ ಇರಬಾರದು, ಹಿಂದಕ್ಕೆ ಸರಿದಿರಬೇಕು. ಆಗ ಕಂಬ ಮುಂದೆ ಹೋಗುತ್ತದೆ, ಚಕ್ರ ಅದರ ಹಿಂದೆ ಎಳೆಸಿಕೊಂಡು ಬರುತ್ತದೆ. ನೇರ ಕವೆಯನ್ನೂ 12 ಮಿ.ಮೀ. ಹಿಂದೆ ಬಾಗಿದ ಕವೆಯನ್ನೂ ಪಕ್ಕಪಕ್ಕದಲ್ಲಿ ಮಾಡಿ ನೆಲದ ಮೇಲೆ ಓಡಿಸಿ ನೋಡಿದೆ. ನೇರ ಕವೆಯ ಚಕ್ರ ಅಡ್ಡ ನಿಂತು ನೆಲ ಉಜ್ಜಿತು, ಬಾಗಿದ್ದು ಬೆರಳ ತುದಿಯ ತಳ್ಳುವಿಕೆಗೆ ತಿರುಗಿತು. ಕಂಬ ಮಾತ್ರ ನೆಟ್ಟಗಿರಬೇಕು.

ಕೈಯಿಂದ ತಿರುಗಿಸುವ ಹೊರಬಳೆಗೆ ಬೆತ್ತ. 5 ಮಿ.ಮೀ. ದಪ್ಪದ ಬೆತ್ತವನ್ನು ನೀರಿನಲ್ಲಿ ನೆನೆಸಿ, 12 ಸೆಂ.ಮೀ. ದುಂಡನೆಯ ಅಚ್ಚಿಗೆ ಸುತ್ತಿ ಕಟ್ಟಿ ಒಣಗಿಸಿದೆ. ಎರಡು ತುದಿಗಳನ್ನು ಉದ್ದ ಓರೆಯಾಗಿ ಸೀಳಿ ಒಂದರ ಮೇಲೊಂದು ಅಂಟಿಸಿ ದಾರ ಸುತ್ತಿದರೆ ಜೋಡಣೆ ಕೈಗೆ ತಗಲುವುದಿಲ್ಲ. ಸೊಸೆಗೆ ತನ್ನ ಕುರ್ಚಿಯಲ್ಲಿ ಬಹಳ ಹೆಮ್ಮೆಯ ಭಾಗ ಇದೇ. ಬೇರೆಯವರು ಹಿಂದಿನಿಂದ ತಳ್ಳದೆ ತಾನೇ ಹೋಗುವುದು ಇದನ್ನು ಹಿಡಿದು. ಹಲವು ಆಟಿಕೆ ಕುರ್ಚಿಗಳಲ್ಲಿ ತಳ್ಳುವ ಹಿಡಿಕೆ ದೊಡ್ಡದಾಗಿರುತ್ತದೆ, ಕೈಬಳೆ ಇರುವುದೇ ಇಲ್ಲ. ಕುಳಿತವಳು ಯಾವಾಗಲೂ ಇನ್ನೊಬ್ಬರು ತಳ್ಳಬೇಕಾದವಳು ಎಂದು ಆಡುವ ಮಗು ಕಲಿಯುವುದು ನನಗೆ ಬೇಡವಾಗಿತ್ತು. ನಮ್ಮ ಕುರ್ಚಿಯಲ್ಲಿ ಹಿಡಿಕೆ ಚಿಕ್ಕದು, ಕೈಬಳೆಗೆ ಕೆಂಪು ಅರಗಿನ ಬಣ್ಣ, ಗೊಂಬೆಯ ಅಂಗೈಗೆ ವೆಲ್ಕ್ರೋ ತುಂಡು ಹೊಲಿದಿರುವುದರಿಂದ ಕೈ ಬಳೆಯ ಸುತ್ತ ಹಿಡಿದು ನಿಲ್ಲುತ್ತದೆ.

ಬ್ರೇಕ್ ಇಲ್ಲದ ಕುರ್ಚಿಯನ್ನು ಅವಳು ಒಪ್ಪಲಿಲ್ಲ. ಗೊಂಬೆಯನ್ನು ಕುರ್ಚಿಗೆ ಏರಿಸುವ ಮೊದಲು ಅವಳ ಕೈ ತಾನಾಗಿ ಚಕ್ರದ ಪಕ್ಕಕ್ಕೆ ಹೋಗಿ ಬ್ರೇಕಿನ ಸನ್ನೆಗೋಲನ್ನು ಹುಡುಕುತ್ತಿತ್ತು. ಏರುವ ಮುನ್ನ, ಇಳಿಯುವ ಮುನ್ನ ಎರಡೂ ಬದಿ ಬ್ರೇಕ್ ಹಾಕಬೇಕೆಂದು ಅವಳಿಗೆ ಕಲಿಸಿದ್ದಾರೆ. ಕಾಫಿ ಮರದಲ್ಲಿ ಮೊಟ್ಟೆಯಾಕಾರದ ತುಂಡನ್ನು ಕೊಯ್ದು, ಮಧ್ಯದಲ್ಲಿ ಕೊರೆಯದೆ ಒಂದು ತುದಿಗೆ ಹತ್ತಿರವಾಗಿ ತೂತು ಕೊರೆದು ಚೌಕಟ್ಟಿಗೆ ತಿರುಪಿನಿಂದ ಹಿಡಿಸಿದೆ. ಸನ್ನೆಯನ್ನು ಮುಂದಕ್ಕೆ ದೂಡಿದಾಗ ಉದ್ದನೆಯ ಪಕ್ಕ ಚಕ್ರದ ರಬ್ಬರಿಗೆ ಒತ್ತುತ್ತದೆ, ಹಿಂದಕ್ಕೆ ಎಳೆದರೆ ಬಿಡುತ್ತದೆ. ತೂತು ಮಧ್ಯದಿಂದ 4 ಮಿ.ಮೀ. ಸರಿದಿದ್ದರೆ ಸಾಕು. ಹೆಚ್ಚು ಸರಿದರೆ ಐದು ವರ್ಷದ ಕೈಗೆ ದೂಡಲು ಬಲ ಸಾಲದು. ಸನ್ನೆಯ ಉದ್ದ 4 ಸೆಂ.ಮೀ., ತುದಿಯಲ್ಲಿ ದುಂಡನೆಯ ಹಿಡಿ. ಬೆರಳುಗಳು ಬಿಗಿದಿರುವ ಮಗುವಿಗೂ ಅಂಗೈಯಿಂದ ದೂಡಲು ಬರಲಿ ಎಂದು ಹಿಡಿಯನ್ನು ದಪ್ಪವಾಗಿಯೇ ಕಡೆದೆ. ಹಿಂದಕ್ಕೆ ಮಗುಚದಂತೆ ಎರಡು ಪುಟ್ಟ ಊರುಗಾಲುಗಳನ್ನು ಕೊಟ್ಟೆ, ಆಸನಕ್ಕೆ ಕ್ಯಾನ್ವಾಸ್ ಬಿಗಿದೆ, ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲೆ ಬರದಂತೆ ಹಿಂದಿನಿಂದ ಓರೆಯಾಗಿ ತಂದು ತೊಡೆಯ ಬುಡದ ಮೇಲೆ ಹಾಯಿಸಿದೆವು.

ಸ್ಪ್ಲಿಂಟ್ ನಮ್ಮಿಬ್ಬರಿಗೂ ಎಲ್ಲಕ್ಕಿಂತ ಹೆಚ್ಚು ಯೋಚನೆ ಕೊಟ್ಟ ಭಾಗ. ನಿಜವಾದದ್ದನ್ನು ಮಾಡುವಾಗ ಮಗುವಿನ ಕಾಲಿನ ಅಚ್ಚನ್ನು ಪ್ಲಾಸ್ಟರ್‌ನಲ್ಲಿ ತೆಗೆದು, ಬಿಸಿ ಮಾಡಿ ಮೆತ್ತಗಾದ ಪಾಲಿಪ್ರೊಪಿಲೀನ್ ಹಾಳೆಯನ್ನು ಅದರ ಮೇಲೆ ಹೊದಿಸಿ ಕತ್ತರಿಸುತ್ತಾರೆ. ಆ ಪ್ಲಾಸ್ಟಿಕ್ ಮೆತ್ತಗಾಗಲು ಕುದಿಯುವ ನೀರಿನ ಬಿಸಿ ಸಾಲದು. ಗೊಂಬೆಗಾಗಿ ಐಸ್‌ಕ್ರೀಮ್ ಡಬ್ಬಿಯ ಪಕ್ಕವನ್ನು ಕತ್ತರಿಸಿಕೊಂಡೆವು, ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಮೀನಖಂಡಕ್ಕೆ ಒಂದು, ಅಂಗಾಲಿಗೆ ಒಂದು ತುಂಡು; ಎರಡನ್ನೂ ಎರಡು ಪದರ ಫೆಲ್ಟ್ ಬಟ್ಟೆಯ ನಡುವೆ ಇಟ್ಟು, ಹಿಮ್ಮಡಿಯ ಹತ್ತಿರ ಮೂಲೆ ಬರುವಂತೆ ಅಕ್ಕ ಸುತ್ತಲೂ ಹೊಲಿದಳು. ಚೂಪು ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ, ಪಾದ ಮಾತ್ರ ನೆಟ್ಟಗೆ ನಿಲ್ಲುತ್ತದೆ. ವೆಲ್ಕ್ರೋ ಪಟ್ಟಿ ಎರಡು, ಒಂದು ಹರಡಿನ ಮೇಲೆ, ಇನ್ನೊಂದು ಮಂಡಿಯ ಕೆಳಗೆ.

ಮುಗಿಸಿ ಅವಳ ಕೈಗೆ ಕೊಟ್ಟಾಗ ಅವಳು ಗೊಂಬೆಯ ಬರಿಗಾಲನ್ನು ನೋಡಿ, "ಮಾವ, ಮೊದಲು ಕಾಲುಚೀಲ" ಎಂದಳು. ಅವಳು ಹೇಳಿದ್ದು ಸರಿ. ಒಳಗೆ ಹತ್ತಿಯ ಕಾಲುಚೀಲವಿಲ್ಲದೆ ಸ್ಪ್ಲಿಂಟ್ ಹಾಕಿದರೆ ಚರ್ಮ ಉಜ್ಜಿ ಕೆಂಪಾಗುತ್ತದೆ. ಆಮೇಲೆ ಒಂದು ಕ್ರಮವಿದೆ. ಹಿಮ್ಮಡಿಯನ್ನು ಹಿಂದಕ್ಕೆ ತಳದವರೆಗೆ ಕೂರಿಸಬೇಕು, ಹರಡಿನ ಪಟ್ಟಿಯನ್ನು ಮೊದಲು ಬಿಗಿಯಬೇಕು, ಮೇಲಿನದು ಆಮೇಲೆ. ತಲೆಕೆಳಗು ಮಾಡಿದರೆ ಹಿಮ್ಮಡಿ ಮೇಲೆದ್ದು ಸ್ಪ್ಲಿಂಟ್ ಹಾಕಿದ್ದೂ ಹಾಕದಂತೆ. ಕೊನೆಗೆ ಬೂಟು, ಅದೂ ಒಂದು ಅಳತೆ ದೊಡ್ಡದು, ಬಾಯಿ ಅಗಲವಾಗಿ ತೆರೆಯುವಂಥದು. ಅಕ್ಕ ಗೊಂಬೆಯ ಬೂಟನ್ನು ಬೆರಳಿನ ತುದಿಯವರೆಗೆ ತೆರೆಯುವ ಹಾಗೆ ಹೊಲಿದಳು. ಈಗ ಆ ಐದೂ ಹೆಜ್ಜೆಯನ್ನು ಗೊಂಬೆಯ ಕಾಲಿನಲ್ಲಿ ಮಾಡಬಹುದು. ಪ್ರತಿ ಬೆಳಿಗ್ಗೆ ದೊಡ್ಡವರು ತನ್ನ ಕಾಲಿಗೆ ಮಾಡುವುದನ್ನು ಅವಳೇ ಇನ್ನೊಬ್ಬಳ ಕಾಲಿಗೆ ಮಾಡುತ್ತಾಳೆ, ನೋವಾಯಿತೇ ಎಂದು ಕೇಳುತ್ತಾಳೆ. ಮ್ಯಾಟೆಲ್ ಕಂಪನಿ 2023ರಲ್ಲಿ ತಂದ ಡೌನ್ ಸಿಂಡ್ರೋಮ್ ಇರುವ ಬಾರ್ಬಿಯ ಕಾಲಲ್ಲಿ ಗುಲಾಬಿ ಬಣ್ಣದ ಇಂಥದೇ ಆಸರೆಗಳಿವೆ. ಆ ಚಿತ್ರ ನೋಡಿದ ಮೇಲೆ ನಮ್ಮ ಗೊಂಬೆಗೂ ಬೂದು ಬಣ್ಣ ಹೋಗಿ ಗುಲಾಬಿ ಫೆಲ್ಟ್ ಬಂತು.

ಎರಡನೆಯ ಗೊಂಬೆ ಹುಡುಗ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳಿಸದವರಿಗೆ ಕೇಳಿಸಲು ನೆರವಾಗುವ ಸಾಧನ. ನಿಜವಾದದ್ದರಲ್ಲಿ ತಲೆಯ ಮೇಲಿನ ದುಂಡನೆಯ ಬಿಲ್ಲೆ ಚರ್ಮದೊಳಗಿನ ಭಾಗಕ್ಕೆ ಆಯಸ್ಕಾಂತದಿಂದ ಅಂಟಿ ನಿಲ್ಲುತ್ತದೆ. ಗೊಂಬೆಗೂ ಆಯಸ್ಕಾಂತ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಾಕಲೇಬಾರದು. ಮಗು ಎರಡು ಆಯಸ್ಕಾಂತ ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳಿಂದ ಒಂದನ್ನೊಂದು ಸೆಳೆದು, ನಡುವೆ ಸಿಕ್ಕಿದ ಕರುಳು ತೂತಾಗುತ್ತದೆ. ನಾವು ವೆಲ್ಕ್ರೋ ಬಳಸಿದೆವು. ಬಿಲ್ಲೆಯನ್ನು ಅಳತೆಗಿಂತ ಬೇಕೆಂದೇ ದೊಡ್ಡದಾಗಿ 3.5 ಸೆಂ.ಮೀ. ಮಾಡಿ, ಅದರ ದಾರವನ್ನು ಕಿವಿಯ ಹಿಂದಿನ ಭಾಗಕ್ಕೆ ಗಟ್ಟಿಯಾಗಿ ಹೊಲಿದೆವು. ಆಟಿಕೆ ಸುರಕ್ಷತೆಯ ಮಾನಕಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಅಳತೆಯ ಕೊಳವೆ ಇದೆ: ಒಳವ್ಯಾಸ 31.7 ಮಿ.ಮೀ. ಅದರೊಳಗೆ ಪೂರ್ತಿ ಮುಳುಗುವ ಯಾವ ತುಂಡೂ ಮಗುವಿನ ಗಂಟಲಿಗೆ ಅಪಾಯ. ಭಾರತದಲ್ಲಿ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳು ಐ.ಎಸ್. 9873 ಮಾನಕವನ್ನು ಪಾಲಿಸಬೇಕು. ನಾವು ಮಾರುವವರಲ್ಲ, ಆದರೂ ಮರದ ತುಂಡಿನಲ್ಲಿ ಅದೇ ಅಳತೆಯ ತೂತು ಕೊರೆದಿಟ್ಟುಕೊಂಡು ಬಿಚ್ಚಿ ಬರಬಹುದಾದ ಎಲ್ಲವನ್ನೂ ಅದರಲ್ಲಿ ಇಳಿಸಿ ನೋಡುತ್ತೇನೆ. ಹೊಲಿದ ಭಾಗಗಳಿಗೆ ಐದು ಕೆ.ಜಿ. ಅಕ್ಕಿಯ ಚೀಲ ತೂಗುಹಾಕಿ ಬಿಡುತ್ತೇವೆ.

ಬಿಳಿಕೋಲು ಹಿಡಿದ ಮೂರನೆಯ ಗೊಂಬೆ ಬೇಗ ಮುಗಿಯಿತು. ನಾಲ್ಕು ತುಂಡಿನ ಮಡಚುವ ಕೋಲು, ನಡುವೆ ಎಲಾಸ್ಟಿಕ್, ಕೆಳಭಾಗ ಕೆಂಪು. ತುದಿಗೆ ದಪ್ಪ ಗುಂಡು. 2024ರ ಅಂಧ ಬಾರ್ಬಿಯ ಕೋಲಿಗೂ ಅಂಥ ಉಬ್ಬಿದ ತುದಿಯಿದೆ, ನೆಲದ ತಗ್ಗಿನಲ್ಲಿ ಸಿಕ್ಕಿಕೊಳ್ಳದಿರಲಿ ಎಂದು ನಿಜವಾದ ಕೋಲುಗಳಲ್ಲೂ ಇರುತ್ತದೆ. ನಮ್ಮ ಗುಂಡು ಕಣ್ಣಿಗೆ ಚುಚ್ಚದಂತೆಯೂ ಕಾಯುತ್ತದೆ. ಈ ಕೋಲನ್ನು ಮೂರು ವರ್ಷ ತುಂಬದ ಮಕ್ಕಳಿಗೆ ಕೊಡಬೇಡಿ ಎಂದು ಅಂಗನವಾಡಿಯಲ್ಲಿ ಹೇಳಿದ್ದೇವೆ.

ಅಂಗನವಾಡಿಯಲ್ಲಿ ನಾನೇ ಹಿಂದೆ ಮಾಡಿಕೊಟ್ಟ ಮರದ ಆಟದ ಮನೆಯೊಂದಿದೆ. ಕುರ್ಚಿಯ ಒಟ್ಟು ಅಗಲ 15 ಸೆಂ.ಮೀ., ಆ ಮನೆಯ ಬಾಗಿಲು 10. ಬಾರ್ಬಿಯ ಬಳಗಕ್ಕೆ 1997ರಲ್ಲಿ ಗಾಲಿಕುರ್ಚಿಯ ಬೆಕಿ ಸೇರಿದಾಗಲೂ ಅವಳ ಕುರ್ಚಿ ಬಾರ್ಬಿಯ ಮನೆಯ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಗೆಳತಿಯ ಮನೆಗೆ ಹೋಗಲಾಗದ ಗೊಂಬೆಯನ್ನು ಮಾರಿದಂತಾಯಿತು. ಬಾಗಿಲನ್ನು ಕೊಯ್ದು 17ಕ್ಕೆ ಅಗಲಿಸಿದೆ. ಉಳಿದದ್ದು ಹೊಸ್ತಿಲು. ತೆಗೆದುಬಿಡುತ್ತೇನೆ ಎಂದಾಗ ಅಮ್ಮ ಬೇಡವೆಂದರು. ಮಕ್ಕಳು ಆ ಹೊಸ್ತಿಲಿಗೆ ಸೀಮೆಸುಣ್ಣದಲ್ಲಿ ರಂಗೋಲಿ ಹಾಕುತ್ತಾರೆ, ಹೊಸ್ತಿಲಿಲ್ಲದ ಮನೆ ಅವರ ಕಣ್ಣಿಗೆ ಮನೆಯಲ್ಲ. ಹಾಗಾಗಿ ಎರಡೂ ಬದಿಗೆ ಇಳಿಜಾರು. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: ಹೊಸ್ತಿಲು ಒಂದೂವರೆ ಸೆಂ.ಮೀ. ಎತ್ತರ, ಇಳಿಜಾರು 18 ಸೆಂ.ಮೀ. ಉದ್ದ. ಕಡಿದಾಗಿದ್ದರೆ ಸಾಲದೇ ಎಂದು ಕೇಳಿದವರಿದ್ದಾರೆ. ಕೈಬಳೆ ಹಿಡಿದು ತಾನೇ ಏರುವವರಿಗೆ ಸಾಲದು. ಅದೇ ಲೆಕ್ಕದಲ್ಲಿ 10 ಸೆಂ.ಮೀ. ಹೊಸ್ತಿಲಿಗೆ 1.2 ಮೀಟರ್ ಹಲಗೆ ಬೇಕು. ಅಕ್ಕನ ಮನೆಯ ಮುಂಬಾಗಿಲಿಗೆ ಆ ಹಲಗೆಯನ್ನು ಇದೇ ಸಿಲ್ವರ್ ಓಕಿನಲ್ಲಿ ಮಾಡಿ ಹಾಕಿದ್ದೇನೆ.

ಗೊಂಬೆಗಳನ್ನು ಬೇರೆ ಕಪಾಟಿನಲ್ಲಿ ಇಡಬೇಡಿ, ಹಳೆಯ ಬುಟ್ಟಿಯಲ್ಲೇ ಹಾಕಿ ಎಂದು ಟೀಚರನ್ನು ಕೇಳಿಕೊಂಡೆವು, ಅವರೂ ಅದನ್ನೇ ಬಯಸಿದ್ದರು. ಎಲ್ಲ ಮಕ್ಕಳೂ ಕುರ್ಚಿಗಾಗಿ ಜಗಳವಾಡಿದರು, ಏಕೆಂದರೆ ಅದಕ್ಕೆ ಚಕ್ರವಿದೆ, ಬ್ರೇಕ್ ಇದೆ. ಗಾಲಿಕುರ್ಚಿಯ ಗೊಂಬೆ ಒಮ್ಮೆ ಅಂಗಡಿಯವಳಾದಳು, ಒಮ್ಮೆ ಬಸ್ ಡ್ರೈವರ್, ಒಮ್ಮೆ ಮದುಮಗಳು. ರೋಗಿಯಾದದ್ದು ಕಡಿಮೆ. ಹುಡುಗನೊಬ್ಬ ಇಂಪ್ಲಾಂಟಿನ ಬಿಲ್ಲೆ ತೆಗೆದು, ಈಗ ಇವನಿಗೆ ಕೇಳಿಸುವುದಿಲ್ಲ, ಕೈಯಲ್ಲಿ ಹೇಳು ಎಂದು ಇನ್ನೊಬ್ಬನಿಗೆ ತಿಳಿಸಿದ.

ಸೊಸೆ ಈಗ ಗೊಂಬೆಗೆ ವಾಕರ್ ಕೇಳಿದ್ದಾಳೆ. ಅವಳದು ಮುಂದೆ ಹಿಡಿದು ನಡೆಯುವ ಬಗೆಯದಲ್ಲ, ಬೆನ್ನ ಹಿಂದೆ ಬಳಸಿ ನಿಲ್ಲುವ ಬಗೆಯದು. ಅದರ ಹಿಂದಿನ ಚಕ್ರಗಳು ಮುಂದಕ್ಕೆ ಮಾತ್ರ ಉರುಳುತ್ತವೆ. ಹಿಂದಕ್ಕೆ ಒರಗಿದರೆ ಜಾರದಂತೆ ಹಿಡಿಯುತ್ತವೆ. ಕಾಫಿ ಮರದಲ್ಲಿ ಓರೆ ಹಲ್ಲಿನ ಚಕ್ರವೊಂದನ್ನು ಕೊಯ್ದು, ಬೆತ್ತದ ಸೀಳನ್ನೇ ಸ್ಪ್ರಿಂಗ್ ಆಗಿಸಿ ಹಲ್ಲಿನ ಮೇಲೆ ಒತ್ತಿ ನೋಡುತ್ತಿದ್ದೇನೆ. ಒಣಗಿದ ಬೆತ್ತ ಮುರಿಯುತ್ತದೆ, ಹಸಿಯದು ಸೋಲುತ್ತದೆ. ಈ ವಾರ ಹಳೆಯ ಕೊಡೆಯ ಉಕ್ಕಿನ ಕಡ್ಡಿಯನ್ನು ಹಾಕಿ ನೋಡಬೇಕು.